ಯಾವ ಬದಿಯ ಕಿಟಕಿ?

ತುಮಕೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ನಾಡೆಂದು ಹೆಸರಾಗಿವೆ. ನಕ್ಷೆಯಲ್ಲಿ ಈ ಮೂರು ಊರುಗಳನ್ನು ಗೆರೆಗಳಿಂದ ಕೂಡಿಸಿದರೆ ಒಂದು ತ್ರಿಕೋನವಾಗುತ್ತದೆ. ಅದರ ಪ್ರತಿಯೊಂದು ಬಾಹುವೂ 25 ಕಿಲೋಮೀಟರಿನ ಆಸುಪಾಸಿನಲ್ಲಿದೆ. ಸಮುದ್ರದಿಂದ ದೂರವಿದ್ದು, ಸುಮಾರು 850 ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲಿರುವ ಈ ಸೀಮೆಯಲ್ಲಿ ಕರಾವಳಿಯ ವೃಕ್ಷವಾದ ತೆಂಗು ಇಷ್ಟು ಹುಲುಸಾಗಿ ಬೇರೂರಿರುವುದು ಆಶ್ಚರ್ಯದ ಸಂಗತಿ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರು ಮಾತ್ರ. ಮಂಗಳೂರಿನಲ್ಲಿ ಅದರ ಐದು ಪಟ್ಟಿಗೂ ಮಿಗಿಲಾಗಿ ಮಳೆಯಾಗುತ್ತದೆ.

ಇಷ್ಟು ಕಡಿಮೆ ಮಳೆಯಲ್ಲಿ ಇಷ್ಟೊಂದು ತೆಂಗು ಹೇಗೆ ಬಂದಿತು? ತೋಟದ ಒಳಗೆ ನಿಂತವನಿಗೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿ ಹೊಳೆಯುವುದಿಲ್ಲ. ಅವನ ಕಣ್ಣಿಗೆ ಬೀಳುವುದು ಹತ್ತಿಪ್ಪತ್ತು ಮರಗಳ ಕಾಂಡ, ತಲೆಯ ಮೇಲೆ ಗರಿಗಳ ಚಪ್ಪರ, ಕಾಲಡಿಯ ಪಾತಿ. ಬೆಂಗಳೂರಿನಿಂದ ಗುಬ್ಬಿ, ಅಮ್ಮಸಂದ್ರ, ಬಾಣಸಂದ್ರಗಳ ಮೂಲಕ ತಿಪಟೂರಿಗೆ ಬರುವ ರೈಲಿನ ಕಿಟಕಿಯಲ್ಲಿ ಕುಳಿತವನಿಗೂ ಹಳಿಯ ಅಂಚಿನ ಮೊದಲ ಎರಡು ಸಾಲುಗಳೇ ಉಳಿದ ತೋಟವನ್ನೆಲ್ಲ ಮರೆಮಾಡಿಬಿಡುತ್ತವೆ. ತೋಟ ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಅಲ್ಲಿಯೇ ಏಕೆ ಮುಗಿಯುತ್ತದೆ ಎಂಬುದು ಮೇಲಿನಿಂದ ನೋಡಿದವನಿಗೆ ಮಾತ್ರ ಸ್ಪಷ್ಟವಾಗುತ್ತದೆ. ಹಿಂದೆ ಇಂತಹ ನೋಟಕ್ಕೆ ಬೆಟ್ಟ ಹತ್ತಬೇಕಾಗಿತ್ತು. ಇಂದು ವಿಮಾನದ ಕಿಟಕಿಯೂ ಅದನ್ನು ಒದಗಿಸುತ್ತದೆ. ಆದರೆ ಎಲ್ಲ ಕಿಟಕಿಗಳೂ ಅಲ್ಲ. ಯಾವ ಬದಿಯಲ್ಲಿ, ಯಾವ ಹೊತ್ತಿನಲ್ಲಿ, ರೆಕ್ಕೆಗೆ ಎಷ್ಟು ದೂರದಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ಮೊದಲೇ ಯೋಚಿಸಿದವನಿಗೆ ಆ ಭಾಗ್ಯ ಲಭಿಸುತ್ತದೆ.

ಇದಕ್ಕೆ ಬೇಕಾದ ಸಲಕರಣೆಗಳು ಕರ್ನಾಟಕದ ಒಂದು ನಕ್ಷೆ, ಒಂದು ಅಳತೆಪಟ್ಟಿ, ಒಂದು ಸೀಸದ ಕಡ್ಡಿ. ಬೆಂಗಳೂರಿನ ಪ್ರಯಾಣಿಕ ವಿಮಾನಗಳು 2008ರ ಮೇ ತಿಂಗಳಿನಿಂದ ನಗರದ ಉತ್ತರಕ್ಕಿರುವ ದೇವನಹಳ್ಳಿಯ ಬಳಿಯ ನಿಲ್ದಾಣದಿಂದ ಹಾರುತ್ತಿವೆ. ಆದುದರಿಂದ ಗೆರೆಯನ್ನು ಎಳೆಯಬೇಕಾದುದು ಬೆಂಗಳೂರಿನ ಚುಕ್ಕೆಯಿಂದಲ್ಲ, ದೇವನಹಳ್ಳಿಯಿಂದ. ಅಲ್ಲಿಂದ ಮಂಗಳೂರಿನ ಬಜಪೆಗೆ ಒಂದು ಸರಳರೇಖೆಯನ್ನು ಎಳೆಯಬೇಕು. ಆ ರೇಖೆ ಶಿವಗಂಗೆಯ ಬೆಟ್ಟದ ಮೇಲೆಯೇ ಎಂಬಂತೆ ಹಾದು, ತುರುವೇಕೆರೆ ಪಟ್ಟಣದ ಸ್ವಲ್ಪ ದಕ್ಷಿಣಕ್ಕೆ ಸಾಗುತ್ತದೆ. ತಿಪಟೂರು ಅದರ ಉತ್ತರಕ್ಕೆ ಸುಮಾರು 18 ಕಿಲೋಮೀಟರು ದೂರದಲ್ಲಿ ಉಳಿಯುತ್ತದೆ, ಚಿಕ್ಕನಾಯಕನಹಳ್ಳಿ ಇನ್ನೂ ಉತ್ತರಕ್ಕೆ. ವಿಮಾನ ಪಶ್ಚಿಮಾಭಿಮುಖವಾಗಿ ಹೋಗುವಾಗ ಉತ್ತರ ದಿಕ್ಕು ಪ್ರಯಾಣಿಕನ ಬಲಕ್ಕಿರುತ್ತದೆ. ಹೀಗಾಗಿ ಮಂಗಳೂರಿಗೆ ಹೋಗುವವನಿಗೆ ತೆಂಗಿನ ನಾಡು ಬಲಗಡೆಯ ಕಿಟಕಿಯಲ್ಲಿ ಕಾಣಬೇಕು.

ಇನ್ನೊಂದು ರೇಖೆಯನ್ನು ಶಿವಮೊಗ್ಗಕ್ಕೆ ಎಳೆಯೋಣ. ಶಿವಮೊಗ್ಗದ ಸೋಗಾನೆಯಲ್ಲಿ ಕಟ್ಟಿದ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಅಲ್ಲಿಗೆ ಮೊದಲ ಪ್ರಯಾಣಿಕ ವಿಮಾನ ಬಂದಿತು. ಈ ರೇಖೆ ದೇವರಾಯನದುರ್ಗದ ಮೇಲೆ, ತುಮಕೂರಿನ ಬದಿಯಲ್ಲಿ ಹಾದು, ಚಿಕ್ಕನಾಯಕನಹಳ್ಳಿಯ ಉತ್ತರಕ್ಕೆ ಸುಮಾರು 13 ಕಿಲೋಮೀಟರು ದೂರದಲ್ಲಿ ಮುಂದುವರಿಯುತ್ತದೆ. ಇಲ್ಲಿ ಮೂರು ಊರುಗಳೂ ರೇಖೆಯ ದಕ್ಷಿಣಕ್ಕೆ, ಎಂದರೆ ಪ್ರಯಾಣಿಕನ ಎಡಕ್ಕೆ ಬೀಳುತ್ತವೆ. ಒಂದೇ ನಿಲ್ದಾಣದಿಂದ ಹೊರಟು ಒಂದೇ ಸೀಮೆಯನ್ನು ನೋಡಬಯಸುವ ಇಬ್ಬರಲ್ಲಿ ಒಬ್ಬನು ಬಲಕ್ಕೂ ಇನ್ನೊಬ್ಬನು ಎಡಕ್ಕೂ ಕುಳಿತುಕೊಳ್ಳಬೇಕಾಗುವುದು ವಿನೋದವಾಗಿ ತೋರಬಹುದು. ನಕ್ಷೆಯನ್ನು ನೋಡಿದವರಿಗೆ ಅದರಲ್ಲಿ ಯಾವ ಗೊಂದಲವೂ ಇಲ್ಲ. ಹಿಂದಿರುಗುವಾಗ ಬದಿಗಳು ಅದಲುಬದಲಾಗುತ್ತವೆ ಎಂಬುದನ್ನು ಮಾತ್ರ ಮರೆಯಬಾರದು. ಹೋಗುವಾಗ ಬಲಗಡೆ ಕುಳಿತವನು ಬರುವಾಗಲೂ ಬಲಗಡೆಯೇ ಕುಳಿತರೆ ಅವನಿಗೆ ಸಿಕ್ಕುವುದು ಬೇರೊಂದು ಸೀಮೆ.

ವಿಮಾನವು ಅಳತೆಪಟ್ಟಿಯ ಅಂಚನ್ನು ಹಿಡಿದು ಹಾರುವುದಿಲ್ಲ, ನಿಜ. ಗಾಳಿ ಬೀಸುವ ದಿಕ್ಕನ್ನು ಅನುಸರಿಸಿ ಅದು ಕೆಲವು ದಿನ ಪೂರ್ವಕ್ಕೆ ಮುಖಮಾಡಿ ನೆಲ ಬಿಟ್ಟು ಅನಂತರ ತಿರುಗುತ್ತದೆ. ಮೋಡದ ಗುಂಪನ್ನು ತಪ್ಪಿಸಲು ಹತ್ತಾರು ಕಿಲೋಮೀಟರು ಸುತ್ತಿ ಹೋಗುತ್ತದೆ. ಮಾರ್ಗ ನಿಯಂತ್ರಕರ ಆಜ್ಞೆಗೆ ಬದ್ಧವಾಗಿರುತ್ತದೆ. ಆದರೂ ಸರಳರೇಖೆಯ ಲೆಕ್ಕ ಬಹುಮಟ್ಟಿಗೆ ಕೈಬಿಡುವುದಿಲ್ಲ.

ದಿಕ್ಕಿನ ವಿಚಾರ ಇಷ್ಟಾದರೂ ಬೆಳಕಿನ ವಿಚಾರ ಉಳಿಯುತ್ತದೆ. ಸೂರ್ಯನಿಗೆ ಎದುರಾಗಿ ನೋಡಿದಾಗ ಗಾಳಿಯಲ್ಲಿರುವ ಧೂಳಿನ ಮತ್ತು ನೀರಾವಿಯ ಕಣಗಳು ಬೆಳಕನ್ನು ಕಣ್ಣಿನ ಕಡೆಗೇ ಚೆದರಿಸುತ್ತವೆ. ಆಗ ದೂರದ ನೆಲವೆಲ್ಲ ಬಿಳಿಯ ಪರದೆಯ ಹಿಂದೆ ಇದ್ದಂತೆ ಮಸುಕಾಗುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನೋಡಿದಾಗ ಈ ಪರದೆ ತೆಳುವಾಗುತ್ತದೆ. ಮಣ್ಣಿನ ಕೆಂಪು, ಗರಿಯ ಹಸುರು, ಹಂಚಿನ ಮಾಡು ತಮ್ಮ ತಮ್ಮ ಬಣ್ಣಗಳಲ್ಲಿಯೇ ಕಾಣುತ್ತವೆ. ತಿಪಟೂರು ಸೀಮೆ ಸಮಭಾಜಕ ವೃತ್ತದಿಂದ ಉತ್ತರಕ್ಕೆ 13 ಡಿಗ್ರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ವರ್ಷದ ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ನಾಡನ್ನು ನೋಡಲು ಯೋಗ್ಯವಾದ, ಮೋಡ ಕಡಿಮೆಯಾದ ತಿಂಗಳುಗಳೆಲ್ಲ ಈ ಎಂಟರಲ್ಲಿಯೇ ಸೇರಿವೆ. ಆದ್ದರಿಂದ ಮಂಗಳೂರಿನ ವಿಮಾನದಲ್ಲಿ ಬಲಬದಿಯಲ್ಲಿ ಕುಳಿತು ಉತ್ತರಕ್ಕೆ ನೋಡುವವನಿಗೆ ಬೆಳಕು ಬೆನ್ನ ಹಿಂದಿನಿಂದ ಬಂದು ಸಹಾಯಮಾಡುತ್ತದೆ. ಶಿವಮೊಗ್ಗದ ವಿಮಾನದ ಎಡಬದಿಯಲ್ಲಿ ಕುಳಿತವನು ಬೆಳಕಿಗೆ ಎದುರಾಗಿರುತ್ತಾನೆ.

ಹಾಗಾದರೆ ಎರಡನೆಯವನು ಮೋಸಹೋದನೇ? ಹಾಗೆ ಹೇಳಲಾಗದು. ಬೆಳಕಿಗೆ ಎದುರಾಗಿ ಕುಳಿತವನಿಗೆ ಮಾತ್ರ ಕಾಣುವ ಒಂದು ದೃಶ್ಯವಿದೆ. ನಿಶ್ಚಲವಾದ ನೀರು ಕನ್ನಡಿಯಂತೆ ವರ್ತಿಸುತ್ತದೆ. ಬೆಳಕು ಯಾವ ಕೋನದಲ್ಲಿ ಬಿದ್ದಿತೋ ಅದೇ ಕೋನದಲ್ಲಿ ಪ್ರತಿಫಲಿಸುತ್ತದೆ. ಡಿಸೆಂಬರ್ ತಿಂಗಳ ಒಂದು ದಿನ ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಸೂರ್ಯನು ಕ್ಷಿತಿಜದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. ವಿಮಾನ ಸಮುದ್ರಮಟ್ಟದಿಂದ 15,000 ಅಡಿ ಎತ್ತರದಲ್ಲಿದೆ ಎಂದು ಇಟ್ಟುಕೊಂಡರೆ, ನೆಲದ ಎತ್ತರವನ್ನು ಕಳೆದು, ತೋಟಗಳಿಂದ ಅದು ಸುಮಾರು 3.7 ಕಿಲೋಮೀಟರು ಮೇಲಿರುತ್ತದೆ. ಆಗ ಸೂರ್ಯನಿರುವ ದಿಕ್ಕಿನಲ್ಲಿ ಸುಮಾರು 6.4 ಕಿಲೋಮೀಟರು ದೂರದಲ್ಲಿ ಯಾವ ಕೆರೆ ಬರುತ್ತದೆಯೋ ಅದು ಒಮ್ಮೆಗೆ ಬೆಳ್ಳಿಯ ತಗಡಿನಂತೆ ಹೊಳೆದು, ಮರುಕ್ಷಣ ಆರಿಹೋಗುತ್ತದೆ. ವಿಮಾನ ಮುಂದೆ ಸಾಗಿದಂತೆ ಇನ್ನೊಂದು ಕೆರೆ ಹೊಳೆಯುತ್ತದೆ, ಅದರ ಹಿಂದೆ ಮತ್ತೊಂದು ಕಟ್ಟೆ. ತೋಟಗಳ ಮಧ್ಯೆ ಅಡಗಿರುವ ಸಣ್ಣ ಗುಂಡಿಯ ನೀರೂ ಆಗ ತನ್ನ ಇರವನ್ನು ಸಾರುತ್ತದೆ. ಸೂರ್ಯನ ಕಡೆಯ ಕಿಟಕಿ ನೀರನ್ನು ತೋರಿಸುತ್ತದೆ, ಎದುರು ಕಡೆಯ ಕಿಟಕಿ ಮರವನ್ನು ತೋರಿಸುತ್ತದೆ. ತೆಂಗಿನ ನಾಡನ್ನು ಅರಿಯಬಯಸುವವನಿಗೆ ಎರಡೂ ಬೇಕು.

ಮರಗಳ ಕಡೆಯ ಕಿಟಕಿಯಲ್ಲಿ ಏನು ಕಾಣುತ್ತದೆ? ಬಲಿತ ತೆಂಗಿನ ಮರದ ತಲೆಯ ಹರವು ಸುಮಾರು 8 ಮೀಟರು. ಆರೋಗ್ಯವಂತನ ಕಣ್ಣು 3.4 ಕಿಲೋಮೀಟರು ದೂರದಿಂದ ಒಂದು ಮೀಟರು ಅಗಲದ ವಸ್ತುವನ್ನು ಬಿಡಿಯಾಗಿ ಗುರುತಿಸಬಲ್ಲುದು. ಹೀಗಿರುವಾಗ ವಿಮಾನದಿಂದ ಒಂದೊಂದು ತೆಂಗಿನ ಮರವೂ ಪ್ರತ್ಯೇಕವಾಗಿ ಕಾಣುವುದರಲ್ಲಿ ಸಂದೇಹವಿಲ್ಲ. ಅದು ಹಸುರು ನಕ್ಷತ್ರದಂತೆ ಇರುತ್ತದೆ. ಅದರ ಪಕ್ಕದಲ್ಲಿ ಅದರದೇ ನೆರಳಿನ ಕಪ್ಪು ನಕ್ಷತ್ರ. ಗಿಡದಿಂದ ಗಿಡಕ್ಕೆ 25ರಿಂದ 30 ಅಡಿ ಬಿಟ್ಟು ನೆಡುವ ಪದ್ಧತಿಯಿರುವುದರಿಂದ ಈ ನಕ್ಷತ್ರಗಳು ಸಾಲುಸಾಲಾಗಿ ಜೋಡಿಸಿದಂತೆ ತೋರುತ್ತವೆ. ತೆಂಗಿನ ಸಾಲುಗಳ ನಡುವೆ ಒತ್ತಾಗಿ, ನಯವಾದ ಕಂಬಳಿಯಂತೆ ಕಾಣುವುದು ಅಡಿಕೆ. ಹತ್ತು ಕಿಲೋಮೀಟರಿನ ದೂರದವರೆಗೂ ಮರಗಳು ಹೀಗೆ ಬಿಡಿಬಿಡಿಯಾಗಿ ಕಾಣುತ್ತವೆ. ಅದರಾಚೆಗೆ ಅವೆಲ್ಲ ಕೂಡಿ ಬರಿಯ ಹಸುರಾಗುತ್ತದೆ.

ಈ ಹಸುರು ನೆಲದ ಮೇಲೆಲ್ಲ ಸಮನಾಗಿ ಹರಡಿಲ್ಲ. ಅದಕ್ಕೆ ಒಂದು ಆಕಾರವಿದೆ. ದಿಣ್ಣೆಗಳು ಕೆಂಪಾಗಿ, ರಾಗಿಯ ಹೊಲಗಳಾಗಿ ಉಳಿದಿವೆ. ದಿಣ್ಣೆಗಳ ನಡುವಿನ ತಗ್ಗುಗಳಲ್ಲಿ ಕಡುಹಸುರಿನ ಪಟ್ಟಿಗಳು ಬಾಗಿ ಬಳುಕಿ ಸಾಗುತ್ತವೆ. ಪ್ರತಿಯೊಂದು ಪಟ್ಟಿಯನ್ನೂ ಮೇಲಕ್ಕೆ ಹಿಂಬಾಲಿಸಿ ಹೋದರೆ ಅದರ ತುದಿಯಲ್ಲಿ ಬಿಲ್ಲಿನಂತೆ ಬಾಗಿದ ಒಂದು ಏರಿ, ಏರಿಯ ಹಿಂದೆ ಒಂದು ಕೆರೆ. ಕೆರೆಯ ಕೋಡಿಯಿಂದ ಹೊರಟ ಹಳ್ಳ ಕೆಳಗಿನ ಕೆರೆಯನ್ನು ಸೇರುತ್ತದೆ. ಅದರ ಕೆಳಗೆ ಮತ್ತೆ ತೋಟ. ಹೀಗೆ ಕೆರೆ, ತೋಟ, ಕೆರೆ, ತೋಟ ಎಂದು ಮಾಲೆ ಪೋಣಿಸಿದಂತೆ ಇಳಿಯುವ ಈ ಸಾಲನ್ನು ಕಂಡಾಗ ಮೊದಲು ಕೇಳಿದ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಆಕಾಶ ಕೊಡದೆ ಹೋದ ನೀರನ್ನು ಹಿಂದಿನ ತಲೆಮಾರಿನವರು ನೆಲದ ಇಳಿಜಾರಿನಿಂದ ಕೂಡಿಹಾಕಿಕೊಂಡರು. ತೆಂಗಿನ ಬೇರು ನೆಚ್ಚಿದ್ದು ಮೋಡವನ್ನಲ್ಲ, ಕೆರೆಯ ಕೆಳಗಿನ ನೆಲದಲ್ಲಿ ಜಿನುಗುವ ತೇವವನ್ನು. ಒಣ ಹವೆಯೂ ಇಲ್ಲಿ ಅನುಕೂಲಕ್ಕೇ ಬಂದಿತು. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡುವವರೆಗೆ ಕಾದು ಪಡೆಯುವ ಉಂಡೆಕೊಬ್ಬರಿಗೆ ತಿಪಟೂರಿನ ಮಾರುಕಟ್ಟೆ ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ.

ನೀರಿನ ಹಾದಿಯನ್ನು ಇನ್ನೂ ಗಮನವಿಟ್ಟು ನೋಡಿದರೆ ಮತ್ತೊಂದು ವಿಷಯ ಹೊರಪಡುತ್ತದೆ. ತುರುವೇಕೆರೆಯ ಕಡೆಯ ಹಳ್ಳಗಳು ದಕ್ಷಿಣಕ್ಕೆ ಇಳಿದು ಶಿಂಷಾ ನದಿಯ ಮೂಲಕ ಕಾವೇರಿಯನ್ನು ಸೇರುತ್ತವೆ. ಚಿಕ್ಕನಾಯಕನಹಳ್ಳಿಯ ಉತ್ತರದ ನೀರು ವೇದಾವತಿಯ ಮೂಲಕ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ ಹೋಗುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಒಂದೇ ದಿಣ್ಣೆಯ ಎರಡು ಮಗ್ಗುಲಿಗೆ ಬಿದ್ದು, ಒಂದು ತಮಿಳುನಾಡಿನ ಕರೆಯಲ್ಲಿಯೂ ಇನ್ನೊಂದು ಆಂಧ್ರಪ್ರದೇಶದ ಕರೆಯಲ್ಲಿಯೂ ಸಮುದ್ರವನ್ನು ಕಾಣುವ ನೆಲವಿದು. ಆ ದಿಣ್ಣೆ ಇಂಥದೇ ಎಂದು ಬೆರಳಿಟ್ಟು ತೋರಿಸುವುದು ನೆಲದ ಮೇಲೆ ನಿಂತವನಿಗೆ ಕಷ್ಟ. ಎತ್ತರದಿಂದ ನೋಡುವವನು ತೋಟದ ಪಟ್ಟಿಗಳು ಯಾವ ಕಡೆಗೆ ಅಗಲವಾಗುತ್ತ ಹೋಗುತ್ತವೆ ಎಂಬುದರಿಂದಲೇ ಅದನ್ನು ಊಹಿಸಬಲ್ಲನು.

ಆದರೆ ಕಣಿವೆಯನ್ನು ಬಿಟ್ಟು ಮೇಲೇರಿದ ತೋಟಗಳೂ ಇಂದು ಬಹಳವಾಗಿ ಕಾಣುತ್ತವೆ. ಇವು ಬಾಗುವುದಿಲ್ಲ, ಬಳುಕುವುದಿಲ್ಲ. ಹೊಲದ ಬದುವಿನ ಅಳತೆಗೆ ಚೌಕವಾಗಿ ಕತ್ತರಿಸಿಟ್ಟಂತೆ ದಿಣ್ಣೆಯ ನೆತ್ತಿಯ ಮೇಲೆ ಕುಳಿತಿವೆ. ಇವುಗಳ ಮೇಲುಗಡೆ ಕೆರೆಯಿಲ್ಲ. ಇವು ಕೊಳವೆ ಬಾವಿಯ ತೋಟಗಳು. ಕಳೆದ ನಾಲ್ಕೈದು ದಶಕಗಳಲ್ಲಿ ನೆಲದ ಆಳದ ನೀರನ್ನು ವಿದ್ಯುತ್ತಿನಿಂದ ಎತ್ತಲು ಸಾಧ್ಯವಾದ ಮೇಲೆ ಹುಟ್ಟಿದವು. ಕೆರೆಯ ತೋಟಕ್ಕೂ ಕೊಳವೆ ಬಾವಿಯ ತೋಟಕ್ಕೂ ಇರುವ ವ್ಯತ್ಯಾಸ ಅವುಗಳ ಆಕಾರದಲ್ಲಿಯೇ ಬರೆದಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮೊದಲು ಸೊರಗುವುದು ಈ ಚೌಕಗಳೇ. 2016ರ ಆಸುಪಾಸಿನ ಬರಗಾಲದಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ ಮತ್ತು ನೆರೆಯ ಅರಸೀಕೆರೆಯ ಸೀಮೆಗಳಲ್ಲಿ ಕೊಳವೆ ಬಾವಿಗಳು ಬತ್ತಿ ಅಪಾರ ಸಂಖ್ಯೆಯ ತೆಂಗಿನ ಮರಗಳು ಒಣಗಿದವು. ತಲೆ ಕಳಚಿದ ಮರ ಮೇಲಿನಿಂದ ನಕ್ಷತ್ರವಾಗಿ ಕಾಣುವುದಿಲ್ಲ. ಸಾಲಿನಲ್ಲಿ ಒಂದು ಬರಿಯ ತಾಣ, ನೆಲದ ಮೇಲೆ ಕಡ್ಡಿಯಂತಹ ಒಂದು ನೆರಳು, ಅಷ್ಟೆ. ಒಂದು ತೋಟದಲ್ಲಿ ಇಂತಹ ತಾಣಗಳು ಎಷ್ಟಿವೆ ಎಂದು ಎಣಿಸಿದರೆ ಆ ಮನೆಯವರು ಕಳೆದ ವರ್ಷಗಳನ್ನು ಹೇಗೆ ಕಳೆದರು ಎಂಬುದು ತಿಳಿದೀತು. ತೆಂಗು ಸತ್ತರೆ ಮರುವರ್ಷ ಬಿತ್ತಿ ಬೆಳೆದುಕೊಳ್ಳುವ ಬೆಳೆಯಲ್ಲ. ಈ ಸೀಮೆಯ ನಾಟಿ ಗಿಡ ಫಲ ಕೊಡಲು ಆರೇಳು ವರ್ಷಗಳಾದರೂ ಬೇಕು.

ದಿಣ್ಣೆಯ ಮಗ್ಗುಲಲ್ಲಿ ಒಂದೇ ಮಟ್ಟವನ್ನು ಹಿಡಿದು ಸುತ್ತಿ ಸುತ್ತಿ ಸಾಗುವ ಗೆರೆ ಕಂಡರೆ ಅದು ಹೇಮಾವತಿಯ ನಾಲೆ. ಗೊರೂರಿನ ಜಲಾಶಯದ ನೀರು ಬಾಗೂರು–ನವಿಲೆಯ ಸುರಂಗವನ್ನು ದಾಟಿ ಈ ಜಿಲ್ಲೆಗೆ ಬರುತ್ತದೆ. ಇದಕ್ಕೆ ವಿರುದ್ಧವಾಗಿ ನೆಟ್ಟಗೆ ಸಾಗುವ ಗೆರೆ ರೈಲುಹಾದಿ. ಚಿಕ್ಕನಾಯಕನಹಳ್ಳಿಯ ಕಡೆಯ ಬೆಟ್ಟಗಳ ಸಾಲಿನಲ್ಲಿ ಕೆಂಪಾದ ಗಾಯಗಳಂತೆ ಕಾಣುವುವು ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿಗಾಗಿ ಅಗೆದ ಜಾಗಗಳು. ಈ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತಡೆಹಿಡಿದಿತ್ತು.

ಇಷ್ಟನ್ನೆಲ್ಲ ನೋಡಲು ದೊರೆಯುವ ಕಾಲವೆಷ್ಟು? ಮಂಗಳೂರಿಗೆ ಹೋಗುವ ಜೆಟ್ ವಿಮಾನ ನಿಮಿಷಕ್ಕೆ ಸುಮಾರು 12 ಕಿಲೋಮೀಟರು ಸಾಗಿದರೆ, 50 ಕಿಲೋಮೀಟರು ಅಗಲದ ಈ ಸೀಮೆ ನಾಲ್ಕು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಹೊರಟ ಕಾಲು ಗಂಟೆಯ ಹೊತ್ತಿಗೆ ಅದು ಬರುತ್ತದೆ. ಪ್ರಯಾಣಿಕರಿಗೆ ನೀರು ಹಂಚಲು ಆರಂಭಿಸುವ ಸಮಯವೂ ಅದೇ. ಆದುದರಿಂದ ಆಸನವನ್ನು ಮೊದಲೇ ಆರಿಸಿಕೊಂಡಿರಬೇಕು. ದೊಡ್ಡ ವಿಮಾನಗಳಲ್ಲಿ ಪ್ರಯಾಣಿಕನ ಎಡಗಡೆಯ ಕಿಟಕಿಯ ಆಸನಕ್ಕೆ ‘ಎ’ ಎಂದೂ, ಸಾಲಿಗೆ ಆರು ಆಸನಗಳಿದ್ದರೆ ಬಲಗಡೆಯದಕ್ಕೆ ‘ಎಫ್’ ಎಂದೂ ಗುರುತಿರುತ್ತದೆ. ಇವುಗಳಲ್ಲಿ ರೆಕ್ಕೆ ಕಿಟಕಿಗಳಿಗಿಂತ ಕೆಳಗಿರುವುದರಿಂದ ನಡುವಿನ ಸಾಲುಗಳಲ್ಲಿ ಕುಳಿತವನಿಗೆ ನೆಲದ ಬದಲು ಲೋಹದ ಹಾಳೆ ಕಾಣುತ್ತದೆ. ರೆಕ್ಕೆಯ ಹಿಂದೆ ಕುಳಿತರೆ ಎಂಜಿನ್ನಿನ ಬಿಸಿಗಾಳಿಯಲ್ಲಿ ನೋಟ ನಡುಗುತ್ತದೆ. ರೆಕ್ಕೆಯ ಮುಂದಿನ ಸಾಲುಗಳೇ ಮೇಲು. ಶಿವಮೊಗ್ಗಕ್ಕೆ ಮೊದಲು ಬಂದ ಎಟಿಆರ್ ಜಾತಿಯ ವಿಮಾನದ ರಚನೆ ಬೇರೆ. ಅದರ ರೆಕ್ಕೆ ಒಡಲಿನ ಮೇಲ್ಗಡೆಯಿದೆ. ಕೊಡೆಯ ಕೆಳಗೆ ಕುಳಿತವನಂತೆ ಪ್ರಯಾಣಿಕನು ಕೆಳಗಿನ ನೆಲವನ್ನು ಅಡ್ಡಿಯಿಲ್ಲದೆ ನೋಡಬಹುದು. ತಿರುಗುವ ಪಂಖದ ನೇರದಲ್ಲಿರುವ ಮುಂದಿನ ಕೆಲವು ಸಾಲುಗಳನ್ನು ಬಿಟ್ಟರಾಯಿತು. ಅದರ ವೇಗವೂ ಕಡಿಮೆ. ನಿಮಿಷಕ್ಕೆ ಎಂಟು ಕಿಲೋಮೀಟರಿನಷ್ಟು. ನೋಡುವವನಿಗೆ ಇದು ಲಾಭವೇ. ಇಷ್ಟು ಅನುಕೂಲವಿದ್ದೂ ಕಿಟಕಿಯ ಆಸನವನ್ನು ಹಿಡಿದು, ಮುಚ್ಚಳವನ್ನು ಕೆಳಗೆಳೆದು ನಿದ್ರಿಸುವವರೂ ಉಂಟು.

ಕಾಲಗಳಲ್ಲಿ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳು ಉತ್ತಮ. ಹಿಂಗಾರಿನ ಮಳೆ ಗಾಳಿಯ ಧೂಳನ್ನು ತೊಳೆದಿರುತ್ತದೆ, ಕೆರೆಗಳಲ್ಲಿ ನೀರು ನಿಂತಿರುತ್ತದೆ. ಮಾರ್ಚಿಯ ಹೊತ್ತಿಗೆ ಧೂಳು ಮುಸುಕುತ್ತದೆ. ದಿನದಲ್ಲಿ ಬೆಳಗಿನ ಹೊತ್ತು ಒಳ್ಳೆಯದು. ನೆಲ ಕಾಯುತ್ತ ಬಂದಂತೆ ಹತ್ತಿಯ ಮೂಟೆಗಳಂತಹ ಮೋಡಗಳೆದ್ದು ಸಾಲುಗಟ್ಟುತ್ತವೆ. ಮೋಡ ಬಂದರೂ ಸೂರ್ಯನಿಗೆ ಬೆನ್ನಾದ ಕಿಟಕಿಯಲ್ಲಿ ಒಂದು ಸಮಾಧಾನವಿದೆ: ಮೋಡದ ಮೇಲೆ ಬಿದ್ದ ವಿಮಾನದ ನೆರಳಿನ ಸುತ್ತ ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣದ ಸಣ್ಣ ಉಂಗುರವೊಂದು ಜೊತೆಜೊತೆಯಾಗಿ ಓಡುತ್ತದೆ.

ತಿಪಟೂರು ಬಲಗಡೆ ಹಿಂದೆ ಸರಿದ ಮೇಲೆ ತೋಟದ ಪಟ್ಟಿಗಳು ಕ್ರಮೇಣ ವಿರಳವಾಗುತ್ತವೆ. ಮುಂದೆ ಕಾಫಿಯ ತೋಟಗಳ ಕಪ್ಪು ಹಸುರು, ಅದರಾಚೆ ಕುದುರೆಮುಖದ ಕಡೆಯ ಹುಲ್ಲುಬೆಟ್ಟಗಳು. ನೆಲ ಒಮ್ಮೆಗೇ ಕೆಳಕ್ಕೆ ಜಾರಿ, ಘಟ್ಟದ ಕೆಳಗಿನ ನಾಡು ತೆರೆದುಕೊಳ್ಳುತ್ತದೆ. ವಿಮಾನ ಇಳಿಯುತ್ತ ಬಜಪೆಯ ಗುಡ್ಡವನ್ನು ಸಮೀಪಿಸುವಾಗ ಹಸುರು ನಕ್ಷತ್ರಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಇಲ್ಲಿ ಅವು ಮನೆಯ ಹಿತ್ತಿಲಲ್ಲಿ, ಗದ್ದೆಯ ಅಂಚಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಹೊಳೆಯ ದಂಡೆಯಲ್ಲಿ, ಸಮುದ್ರದ ಮರಳಿನವರೆಗೂ ಎಲ್ಲೆಂದರಲ್ಲಿ ಚೆಲ್ಲಿಕೊಂಡಿರುತ್ತವೆ. ಅವುಗಳ ಮೇಲುಗಡೆ ಬಿಲ್ಲಿನಂತೆ ಬಾಗಿದ ಏರಿಯನ್ನು ಹುಡುಕಿದರೆ ಅದು ಸಿಕ್ಕುವುದಿಲ್ಲ.